ಪಂಖಾ ನಿಂತ ಮಧ್ಯಾಹ್ನ

೧೯೩೮ರ ಬೇಸಿಗೆ. ಅಕ್ಕಿಆಲೂರಿನ ಭತ್ತದ ವ್ಯಾಪಾರಿ ಬಸವಣ್ಣೆಪ್ಪ ಆ ವರ್ಷ ತನ್ನ ಪಡಸಾಲೆಯ ತೊಲೆಗೆ ಪಂಖಾ ಕಟ್ಟಿಸಿದ್ದ. ಉದ್ದನೆಯ ಕಟ್ಟಿಗೆಗೆ ಇಳಿಬಿಟ್ಟ ದಪ್ಪ ಬಟ್ಟೆ. ಅದರ ಹಗ್ಗ ಗೋಡೆಯ ಮೇಲಿನ ಗಾಲಿಯನ್ನು ಹಾಯ್ದು, ಒಂದು ತೂತಿನಿಂದ ಹೊರಗಿನ ಕಟ್ಟೆಗೆ ಬರುತ್ತಿತ್ತು. ಅಲ್ಲಿ ಕೂತು ಎಳೆಯುವವನು ಮಾಳಪ್ಪ. ಅವನ ಜಾತಿಯವರು ಒಳಗೆ ಬರುವಂತಿರಲಿಲ್ಲ. ದಿನವಿಡೀ ತಾನೇ ಬೀಸುವ ಪಂಖಾವನ್ನು ಅವನು ಕಂಡೇ ಇರಲಿಲ್ಲ.

ಮಗಳನ್ನು ನೋಡಲು ಹಿರೇಕೆರೂರಿನವರು ಬಂದ ದಿನ, ಊಟಕ್ಕೆ ಕೂತಾಗಲೇ ಪಂಖಾ ನಿಂತಿತು. ಹಿರಿಯರೊಬ್ಬರು ಶಲ್ಯದ ತುದಿಯಿಂದ ಗಾಳಿ ಹಾಕಿಕೊಳ್ಳತೊಡಗಿದರು. ಬಸವಣ್ಣೆಪ್ಪ ನೀರಿನ ತಂಬಿಗೆ ಹಿಡಿದೇ ಹೊರಗೆ ಹೋದ. ಮಾಳಪ್ಪ ಗೋಡೆಗೆ ಕಾಲು ಕೊಟ್ಟು ಕಣ್ಣು ಮುಚ್ಚಿದ್ದ. ನಿದ್ದೆ ಹೊಡೆಯುತ್ತೀಯಾ ಎಂದು ಬೈದು, ತಂಬಿಗೆಯ ನೀರನ್ನೆಲ್ಲ ಅವನ ಮುಖಕ್ಕೆ ಎರಚಿದ. ತೆರೆದ ಬಾಗಿಲಿನಿಂದ ನೆಂಟರು ನೋಡುತ್ತಿದ್ದರು.

ಮಾಳಪ್ಪ ಮುಖ ಒರೆಸಿಕೊಳ್ಳಲಿಲ್ಲ; ಎರಡೂ ಕೈಯಲ್ಲಿ ಹಗ್ಗವಿತ್ತು.

“ಮಲಗಿಲ್ರಿ ಸಾವ್ಕಾರ್ರ. ಎಳಿಯಾಕತ್ತೇನಿ, ಬರವಲ್ದು. ಹಗ್ಗ ಗಾಲಿ ಬಾಜೂಕ ಸಿಕ್ಕೈತಿ. ಕೈಗೆ ಗೊತ್ತಾಗತೈತ್ರಿ.”

ಬಸವಣ್ಣೆಪ್ಪ ಹಗ್ಗ ಕಸಿದು ತಾನೇ ಜಗ್ಗಿದ. ಗೇಣೂ ಸರಿಯಲಿಲ್ಲ. ಒಳಗೆ ಬಂದು ಬಟ್ಟೆ ನೋಡಿದ, ಎಲ್ಲೂ ಸಿಕ್ಕಿರಲಿಲ್ಲ. ತೊಲೆಯ ಕೊಂಡಿಗಳೂ ನೆಟ್ಟಗಿದ್ದವು. ಕೊನೆಗೆ ಏಣಿ ಹತ್ತಿದ. ಹಗ್ಗ ಗಾಲಿಯಿಂದ ಜಾರಿ ಪಕ್ಕದ ಸಂದಿಯಲ್ಲಿ ಬಿಗಿದುಕೊಂಡಿತ್ತು. ಎಣ್ಣೆ ಕಾಣದ ಅಚ್ಚು ಸವೆದು ವಾಲಿತ್ತು. ಗಾಲಿ ಕಿರುಗುಟ್ಟುತ್ತಿದೆ, ಎಣ್ಣೆ ಹಾಕಿಸಿ ಎಂದು ಮಾಳಪ್ಪ ಮೂರು ದಿನದ ಹಿಂದೆಯೇ ಹೇಳಿದ್ದ. ಎಳೆಯುವುದಷ್ಟೇ ನಿನ್ನ ಕೆಲಸ ಎಂದು ಅವನ ಬಾಯಿ ಮುಚ್ಚಿಸಿದ್ದು ತಾನೇ.

ಹಗ್ಗ ಬಿಡಿಸಿ ಎಣ್ಣೆ ಹಾಕಿದ. ಗಾಳಿ ಬಂತು. ನೆಂಟರು ಉಂಡು ಎದ್ದರು.

ಅವರು ಹೊರಟ ಮೇಲೆ ಹೆಂಡತಿ ಸಿದ್ದವ್ವನ ಹತ್ತಿರ ತಪ್ಪಾಯಿತೆಂದ. ಆಕೆ ಎಲೆ ಎತ್ತುತ್ತ ಹೇಳಿದಳು: “ನನ್ನ ಮುಂದ ಅಂದ್ರ ಏನ್ ಬಂತ್ರಿ? ನೀರು ಉಗ್ಗಿದ್ದು ಅವನ ಮಾರಿಗೆ.”

ಕಟ್ಟೆಗೆ ಹೋದ. ಮಾಳಪ್ಪ ಹಗ್ಗ ಸುತ್ತಿಡುತ್ತಿದ್ದ. ಅಂಗಿ ಇನ್ನೂ ಪೂರ್ತಿ ಆರಿರಲಿಲ್ಲ.

“ತಪ್ಪಾತು ಮಾಳಪ್ಪ.”

“ಬೈಯುವಾಗ ಮಂದಿ ಇದ್ರು,” ಎಂದ ಮಾಳಪ್ಪ, “ಈಗ ಇಲ್ಲಿ ಯಾರೂ ಇಲ್ರಿ.”

ಮರುದಿನದಿಂದ ಅವನು ಬರಲಿಲ್ಲ.

ಮುಂದಿನ ಸಂತೆಯಲ್ಲಿ ಇಬ್ಬರೂ ಎದುರಾದರು. ಸುತ್ತ ಊರಿನ ಮಂದಿಯೆಲ್ಲ ಇದ್ದರು. ಮಾಳಪ್ಪ ನಿಂತ. ಬಸವಣ್ಣೆಪ್ಪ ಬಾಯಿ ತೆರೆದ. ಆಮೇಲೆ ಏನೋ ಧಾರಣೆ ಕೇಳುವವನಂತೆ ಪಕ್ಕದ ಅಂಗಡಿಯತ್ತ ತಿರುಗಿದ.