ಕೊಳವೆಗೆ ಹೊಲಿದ ತೋಳು

ಮಧ್ಯಾಹ್ನದ ಬಿಸಿಲು ಹಿಂದಿನ ಕೋಣೆಗೆ ಓರೆಯಾಗಿ ಬೀಳುವ ಹೊತ್ತಿಗೆ ಇವರು ಗರಗಸ ಹಾಕಿದರೆ, ಧೂಳು ಎದ್ದು ಆ ಬಿಸಿಲಿನಲ್ಲೇ ನಿಂತುಬಿಡುತ್ತಿತ್ತು. ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ, ಏನನ್ನೋ ನೆನಪು ಮಾಡಿಕೊಳ್ಳುವವರ ಹಾಗೆ ಸುಮ್ಮನೆ ತೇಲುತ್ತಿತ್ತು. ನಾನು ಹೊಲಿಗೆ ಬಿಟ್ಟು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆ ಚೆಂದವೇ ಇವರ ಎದೆಗೆ ಇಳಿಯುತ್ತಿದೆ ಎಂದು ನನಗೇನು ಗೊತ್ತು?

ನಮ್ಮ ಮನೆಯವರು ಬಸ್ಸು ಓಡಿಸುತ್ತಿದ್ದವರು. ನಿವೃತ್ತರಾದ ಮೇಲೆ ಮರದ ಹುಚ್ಚು ಹಿಡಿಯಿತು. ಮಾಡುವುದು ಸ್ಟೂಲು. ಒಂದಕ್ಕಾದರೂ ಕಾಲು ಸಮ ಇರಬೇಕಲ್ಲ! ನಮ್ಮ ಮನೆಗೆ ಬಂದವರೆಲ್ಲ ಕೂತಲ್ಲೇ ತೂಗುತ್ತಾರೆ, ಮರ್ಯಾದೆಗೆ ಏನೂ ಅನ್ನುವುದಿಲ್ಲ. ನಾನೇನಾದರೂ ಅಂದರೆ ಇವರ ಉತ್ತರ ಸಿದ್ಧವಾಗಿರುತ್ತದೆ.

"ಇಷ್ಟು ವರ್ಷ ಜನ ಎಲ್ಲಾ ನನ್ನ ಬೆನ್ನ ಹಿಂದೆ ಕೂತಿದ್ರು ಕಣೇ. ಒಬ್ಬರ ಮುಖಾನೂ ಸರಿಯಾಗಿ ನೋಡ್ಲಿಲ್ಲ. ಈಗ ಇದರ ಮುಖ ನೋಡ್ಕೊಂಡು ಕೂರ್ತೀನಿ, ಬಿಡು," ಎಂದು ಹಲಗೆಯನ್ನು ಸವರುತ್ತಾರೆ. ಹಾಗೆ ಸವರುವಾಗ ಇವರ ಮುಖವನ್ನು ನೋಡಿ ನಾನು ನನ್ನ ಹೊಲಿಗೆಗೆ ವಾಪಸಾಗುತ್ತೇನೆ.

ಆಮೇಲೆ ಕೆಮ್ಮು ಶುರುವಾಯಿತು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಇವರ ಕಡೆ ನೋಡದೆ ನನ್ನ ಕಡೆ ನೋಡಿದರು. "ಮನೇಲಿ ಧೂಳು ಇರಬೇಕು, ಇಲ್ಲಾ ಇವರಿರಬೇಕಮ್ಮ. ಎರಡೂ ಆಗಲ್ಲ," ಎಂದರು. ಮನೆಗೆ ಬಂದವಳೇ ನನ್ನ ಹೊಲಿಗೆಯ ಚೂರುಗಳಿಂದ ಒಂದು ಕಪ್ಪು ಬಟ್ಟೆ ಆರಿಸಿ, ನನ್ನ ಕೋಣೆಯ ಕಿಟಕಿಕಟ್ಟೆಯ ಮೇಲೆ ಹಾಸಿದೆ. ಇವರ ಕೋಣೆಗೂ ನನ್ನದಕ್ಕೂ ನಡುವೆ ಒಂದೇ ಗೋಡೆ, ಒಂದೇ ಬಾಗಿಲು.

"ನೋಡಿ, ಏನಾದ್ರೂ ಉಪಾಯ ಮಾಡ್ಕೊಳ್ಳಿ. ಶನಿವಾರ ಸಂಜೆ ಈ ಬಟ್ಟೆ ಮೇಲೆ ಬೆರಳಲ್ಲಿ ಗೆರೆ ಎಳೆಯೋಕೆ ಬಂತೋ, ಆ ಕೋಣೆ ಬೀಗದ ಕೈ ನನ್ನ ಸೊಂಟಕ್ಕೆ," ಎಂದೆ.

"ಆಯ್ತು," ಎಂದರು. ಅಷ್ಟು ಬೇಗ ಒಪ್ಪಿದ್ದಕ್ಕೇ ನನಗೆ ಹೆದರಿಕೆಯಾಯಿತು.

ಉಪಾಯ ಹುಡುಕಿಕೊಂಡು ಬಂದವನು ನನ್ನ ತಮ್ಮ, ಪ್ಲಂಬರ್. ಧೂಳು ಎಳೆಯುವ ಯಂತ್ರವನ್ನು ಹಿತ್ತಲಿನ ತಗಡಿನಡಿ ಕೂರಿಸಿದ. ಅಲ್ಲಿಂದ ಬಿಳಿ ಪ್ಲಾಸ್ಟಿಕ್ ಪೈಪು ಹೊರಟು, ನನ್ನ ಕೋಣೆಯ ಗೋಡೆಗುಂಟ ಬಂದು, ಗೋಡೆ ತೂರಿ ಇವರ ಕೋಣೆಗೆ ಇಳಿಯಿತು. ನಡುವೆ ನನ್ನ ಹೊಲಿಗೆ ಯಂತ್ರದ ಪಕ್ಕ ಪೈಪಿಗೆ ಒಂದು ತೂತು, ತೂತಿಗೊಂದು ಮುಚ್ಚಳ.

"ನಿನಗೂ ಒಂದು ಬಾಯಿ ಇಟ್ಟಿದೀನಿ ಅಕ್ಕ. ನೂಲಿನ ಚೂರು ಎಲ್ಲಾ ಇದಕ್ಕೇ ತಿನ್ನಿಸು," ಎಂದ.

"ಇವಳಿಗೆ ಇರೋ ಬಾಯಿ ಸಾಲದಾ?" ಎಂದು ಇವರು ಆ ಕೋಣೆಯಿಂದ ಕೂಗಿದರು.

ಎಲ್ಲ ಸರಿಹೋಯಿತು, ಕೊನೆಯ ಗೇಣೊಂದು ಬಿಟ್ಟು. ಗರಗಸದಿಂದ ಬರುವ ಬಳುಕುವ ಕೊಳವೆ ಈ ಬಿಳಿ ಪೈಪಿಗೆ ಸೇರಬೇಕು. ಎರಡರ ಮೇಲೂ ಒಂದೇ ಅಳತೆ ಬರೆದಿದೆ, ಆದರೆ ಕೊಳವೆ ಒಳಕ್ಕೆ ಹೋಗದು, ಮೇಲೆ ಹಾಕಿದರೆ ಲೊಡಲೊಡ. ತಮ್ಮ ಅಂಟು ಹಚ್ಚಿದ, ಟೇಪು ಸುತ್ತಿದ, ಹಳೇ ಸೈಕಲ್ ಟ್ಯೂಬು ಕತ್ತರಿಸಿ ಬಿಗಿದ. ಯಂತ್ರ ಹಾಕಿದೊಡನೆ ಕೊಳವೆ ಪುಸಕ್ಕೆಂದು ಕಳಚಿಕೊಂಡು ನೆಲಕ್ಕೆ ಬೀಳುತ್ತಿತ್ತು.

"ನೀರಾಗಿದ್ರೆ ಒಂದು ಕೈ ನೋಡ್ತಿದ್ದೆ ಭಾವ. ಈ ಗಾಳಿ ನನ್ನ ಮಾತು ಕೇಳ್ತಿಲ್ಲ," ಎಂದು ಅವನು ಸ್ಟೂಲಿನ ಮೇಲೆ ಕೂತು ತೂಗತೊಡಗಿದ.

ನಾನು ಕೊಳವೆಯನ್ನು ಒಂದು ಕೈಯಲ್ಲಿ, ಪೈಪಿನ ತುದಿಯನ್ನು ಇನ್ನೊಂದರಲ್ಲಿ ಹಿಡಿದು ನೋಡಿದೆ. ಒಂದು ಅಗಲ, ಒಂದು ಕಿರಿದು. ಅಯ್ಯೋ, ಇದು ತೋಳು ಮತ್ತು ಮಣಿಕಟ್ಟು! ಜನ್ಮಪೂರ್ತಿ ನಾನು ಮಾಡಿದ್ದು ಇದನ್ನೇ ಅಲ್ಲವೇ? ಚೀಲಕ್ಕೆಂದು ತಂದ ರೆಕ್ಸಿನ್ ಉಳಿದಿತ್ತು. ಅಳೆದೆ, ಕತ್ತರಿಸಿದೆ, ಅಂಗಿಯ ತೋಳಿನ ಹಾಗೆ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು ಮಾಡಿ ಹೊಲಿದೆ. ಎರಡೂ ಕಡೆ ಕಬ್ಬಿಣದ ಪಟ್ಟಿ ಬಿಗಿದು ತಮ್ಮ ಯಂತ್ರ ಹಾಕಿದ. ಕಳಚಲಿಲ್ಲ. ಗಾಳಿ ಹೊಕ್ಕು ತೋಳು ಒಮ್ಮೆ ಅಲುಗಿತು, ಅಷ್ಟೇ. ಇವರು ನನ್ನ ಕಡೆ ನೋಡಿದ ನೋಟಕ್ಕೆ, ಹೇಳಿಕೊಳ್ಳಬಾರದು, ನಾನು ಕೆಂಪಾದೆ.

ಆಮೇಲಿನ ದಿನಗಳು ಕನಸಿನ ಹಾಗೆ ಕಳೆದವು. ಗೋಡೆಯ ಮೇಲಿನ ಪೈಪಿನಲ್ಲಿ ಮರದ ಪುಡಿ ಸರಸರ ಓಡುವುದು ಕೇಳುತ್ತಿತ್ತು, ಒಳಗೆ ಯಾವುದೋ ಸಣ್ಣ ಮಳೆ ಅಡ್ಡಡ್ಡ ಸುರಿಯುತ್ತಿರುವಂತೆ. ನಾನು ಹೊಲಿಯುತ್ತ ಹೊಲಿಯುತ್ತ ಆ ಸದ್ದಿನ ಜೊತೆಗೇ ಎಲ್ಲಿಗೋ ಹೋಗಿಬಿಡುತ್ತಿದ್ದೆ. ಹಿಂದೆ ಇವರ ಬಸ್ಸಿನಲ್ಲಿ ಕೊನೆಯ ಸೀಟಿನಲ್ಲಿ ಕೂತು, ಕಾರಣವಿಲ್ಲದೆ ಕೊನೆಯ ನಿಲ್ದಾಣದ ತನಕ ಹೋಗುತ್ತಿದ್ದೆನಲ್ಲ, ಹಾಗೆ. ಯಂತ್ರ ನಿಂತಾಗ ಮಾತ್ರ ಎಚ್ಚರವಾಗುತ್ತಿತ್ತು. ಆಗ ಮೆಲ್ಲಗೆ ಮುಚ್ಚಳ ತೆಗೆದು ಪೈಪಿಗೆ ಕಿವಿ ಇಡುತ್ತಿದ್ದೆ. ಇವರು ಬಾಗಿಲು ಹಾಕಿ, ಬಾಯಿಗೆ ಟವೆಲು ಒತ್ತಿ ಕೆಮ್ಮಿದರೆ ನನಗೆ ತಿಳಿಯದು ಎಂದುಕೊಂಡಿದ್ದರು. ಪೈಪು ಎಲ್ಲವನ್ನೂ ಹೇಳುತ್ತಿತ್ತು. ಮೊದಮೊದಲು ಉಸಿರಿನಲ್ಲಿ ಒಂದು ಸಣ್ಣ ಸಿಳ್ಳೆ ಇತ್ತು. ದಿನ ಕಳೆದಂತೆ ಅದೂ ಸಣ್ಣದಾಗುತ್ತ ಬಂತು, ಕಪ್ಪು ಬಟ್ಟೆ ಕಪ್ಪಾಗಿಯೇ ಇತ್ತು.

ಶನಿವಾರ ಮಧ್ಯಾಹ್ನ ಪೈಪಿನ ಸದ್ದು ಬದಲಾಯಿತು. ಸರಸರ ನಿಂತು, ಬರೀ ಹೂಂಕಾರ. ನಾನು ತಲೆ ಎತ್ತುವಷ್ಟರಲ್ಲಿ ಬಾಗಿಲ ಸಂದಿಯಿಂದ ಬಂಗಾರದ ಬಣ್ಣದ ಹೊಗೆ ಒಳಗೆ ಬರುತ್ತಿತ್ತು. ನುಗ್ಗಿದೆ. ಕೋಣೆ ತುಂಬ ಧೂಳು, ಅದರ ನಡುವೆ ಗರಗಸ ಇನ್ನೂ ತಿರುಗುತ್ತಿದೆ, ಇವರು ಬಾಗಿ ಕೆಮ್ಮುತ್ತಿದ್ದಾರೆ. ನಾನೇ ಗುಂಡಿ ಒತ್ತಿ ಎಲ್ಲವನ್ನೂ ನಿಲ್ಲಿಸಿದೆ. ಇವರ ರಟ್ಟೆ ಹಿಡಿದು ಹಿತ್ತಲಿಗೆ ಕರೆತಂದು ನೀರು ಕುಡಿಸಿದೆ. ಕೆಮ್ಮು ನಿಲ್ಲುವ ತನಕ ಬೆನ್ನು ಸವರಿದೆ, ಬಾಯಿಗೆ ಬಂದದ್ದೆಲ್ಲ ಬೈದೆ.

"ಪೈಪು ಕಟ್ಕೊಂಡಿದ್ದು ಕಾಣ್ತಿರ್ಲಿಲ್ವಾ? ನಿಲ್ಲಿಸೋಕೇನಾಗಿತ್ತು ನಿಮಗೆ?"

"ನಾಲ್ಕನೇ ಕಾಲು... ಇನ್ನೊಂಚೂರಿತ್ತು."

ಒಳಗೆ ಬಂದಾಗ ಕಪ್ಪು ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು. ಇವರು ಅದನ್ನು ನೋಡಿದರು. ಬೆರಳಿಂದ ತಾವೇ ಒಂದು ಗೆರೆ ಎಳೆದರು. ಆಮೇಲೆ ಮೊಳೆಯಿಂದ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟು, "ಮಾತು ಅಂದ್ರೆ ಮಾತು," ಎಂದು ಹೋಗಿ ಮಲಗಿದರು. ವಾದ ಮಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕೋಣೆ ಗುಡಿಸಿದೆ. ಕೊನೆಗೆ ಪಟ್ಟಿ ಸಡಿಲಿಸಿ ನನ್ನ ತೋಳನ್ನು ಬಿಚ್ಚಿದೆ. ಒಳಗೆ ಮರದ ನಾರುಗಳು ಒಂದಕ್ಕೊಂದು ಹೆಣೆದುಕೊಂಡು ಹಕ್ಕಿಯ ಗೂಡಾಗಿದ್ದವು. ಎಳೆದು ತೆಗೆದು, ಒಳಗೆ ಬೆರಳು ಆಡಿಸಿದೆ. ಬೆರಳು ತಡೆಯಿತು. ನನ್ನದೇ ಹೊಲಿಗೆಯ ಅಂಚು. ಅಂಗಿಯ ತೋಳಿಗೆ ಹೊಲಿಯುವಂತೆ ಹೊಳಪು ಹೊರಗೆ, ಅಂಚೆಲ್ಲ ಒಳಗೆ ಮಡಚಿ ಹೊಲಿದಿದ್ದೆ. ನೋಡುವವರಿಗೆ ಚೆಂದವಾಗಿತ್ತು. ಈ ತೋಳನ್ನು ತೊಡುವುದು ಗಾಳಿ, ಅದರ ದಾರಿ ಒಳಗಿದೆ ಎಂದು ನನ್ನ ಕೈಗೆ ಹೊಳೆದೇ ಇರಲಿಲ್ಲ.

ಸ್ಟೂಲಿನ ಮೇಲೆ ಕೂತೆ, ತೂಗಿದೆ. ಬೀಗದ ಕೈ ಸೊಂಟದಲ್ಲಿ ತಣ್ಣಗೆ ತಾಗುತ್ತಿತ್ತು. ನನ್ನ ತಪ್ಪು ಹೇಳದೆ ಬಾಯಿ ಮುಚ್ಚಿಕೊಂಡಿದ್ದರೆ ಕೋಣೆ ಮುಚ್ಚುತ್ತದೆ, ಇವರ ಎದೆ ಉಳಿಯುತ್ತದೆ. ನನಗೆ ಬೇಕಾದದ್ದು ಅದೇ ಅಲ್ಲವೇ? ಆದರೆ ಆ ಕಡೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಬೆನ್ನು ಕಣ್ಣಿಗೆ ಬಂತು. ಆ ಬೆನ್ನನ್ನು ನೋಡಿಕೊಂಡು ಮನೆಯಲ್ಲಿ ಓಡಾಡಲು ನನ್ನಿಂದಾಗದು.

ತೋಳನ್ನು ಒಳಗಿನದು ಹೊರಗೆ ಮಾಡಿ ತಿರುವಿದೆ. ಹೊಳಪೆಲ್ಲ ಒಳಗೆ ಹೋಯಿತು, ಒರಟು ಅಂಚು, ಗಂಟು, ನೂಲಿನ ತುದಿ ಎಲ್ಲ ಹೊರಗೆ ಬಂದವು. ಇಂಥದ್ದನ್ನು ಗಿರಾಕಿಗೆ ಕೊಟ್ಟಿದ್ದರೆ ಮುಖಕ್ಕೆ ಎಸೆಯುತ್ತಿದ್ದರು. ಬೆರಳು ಆಡಿಸಿದೆ, ಎಲ್ಲೂ ತಡೆಯಲಿಲ್ಲ. ಪಟ್ಟಿ ಬಿಗಿದು ಇವರನ್ನು ಎಬ್ಬಿಸಿದೆ.

"ಏಳಿ. ತಪ್ಪು ನಂದು. ಈ ಶನಿವಾರ ಲೆಕ್ಕಕ್ಕಿಲ್ಲ."

ಇವರು ಬಂದು ತೋಳನ್ನು ಸುತ್ತಿ ನೋಡಿದರು. "ಏನೇ ಇದು, ಉಲ್ಟಾ ಹಾಕಿದೀಯ. ಹೊಲಿಗೆ ಎಲ್ಲಾ ಕಾಣ್ತಿದೆ."

"ಕಾಣ್ಲಿ ಬಿಡಿ. ಇನ್ಮೇಲೆ ಸದ್ದು ಬದಲಾದ್ರೆ ಮೊದಲು ಗರಗಸ ನಿಲ್ಲಿಸ್ಬೇಕು. ಕಾಲು ಗೀಲು ಅಂದ್ರೆ ಕೇಳಲ್ಲ."

ಬೀಗದ ಕೈಯನ್ನು ಮೊಳೆಗೆ ಸಿಕ್ಕಿಸಿದೆ. ಬಟ್ಟೆ ಒಗೆದು ಹಾಕಿ, ಕಿಟಕಿಕಟ್ಟೆಗೆ ಬೇರೊಂದು ಕಪ್ಪು ಚೂರು ಹಾಸಿ ನನ್ನ ಜಾಗಕ್ಕೆ ಬಂದೆ. ಯಂತ್ರ ಹೊರಟಿತು. ಗೋಡೆಯ ಮೇಲೆ ಆ ಅಡ್ಡ ಮಳೆ ಮತ್ತೆ ಶುರುವಾಯಿತು, ನಾನು ಕೊನೆಯ ಸೀಟಿನಲ್ಲಿ ಕೂತು ಹೋದೆ. ಎಷ್ಟೋ ಹೊತ್ತಿನ ಮೇಲೆ ಅದು ನಿಂತಿತು. ಮೆಲ್ಲಗೆ ಮುಚ್ಚಳ ತೆಗೆದು ಕಿವಿ ಇಟ್ಟೆ. ಉಸಿರು ಒಳಗೆ ಹೋಯಿತು, ಹೊರಗೆ ಬಂತು. ಸಿಳ್ಳೆ ಇತ್ತೋ ಇಲ್ಲವೋ ಎಂದು ನಾನೂ ಉಸಿರು ಹಿಡಿದೆ.

"ಕೇಳಿಸ್ಕೊಳ್ತಿದೀಯಾ?" ಎಂದಿತು ಪೈಪು, ಕಿವಿಯ ಬುಡದಲ್ಲೇ.

"ಇಲ್ಲಪ್ಪ, ನಾನ್ಯಾಕೆ ಕೇಳಿಸ್ಕೊಳ್ಳಲಿ," ಎಂದೆ, ಪೈಪಿನೊಳಕ್ಕೇ.