ಪದ್ಯದಲ್ಲಿ ಅಳೆದ ಈಜು

ಕೊಳದ ಗೋಡೆಯ ಮೇಲೆ ಒದ್ದೆ ಅಂಗೈಯ ಗುರುತು. ಬಿಸಿಲಿಗೆ ಮೊದಲು ಬೆರಳ ತುದಿಗಳು ಆರುತ್ತಿದ್ದವು, ಆಮೇಲೆ ಅಂಗೈ. ಅದು ಪೂರ್ತಿ ಆರುವ ಮುನ್ನ, ಯಾವ ಸಾಲಿಗೆ ನಿಲ್ಲಿಸಿದೆನೆಂದು ನಾನು ಹೇಳಬೇಕಿತ್ತು.

ನಮ್ಮೂರ ಈಜಿನ ಸಂಘದಲ್ಲಿ ಹೊತ್ತು ಅಳೆಯುತ್ತಿದ್ದುದು ಪದ್ಯದಿಂದ. ಒಬ್ಬರ ಅಲೆ ಇನ್ನೊಬ್ಬರಿಗೆ ಬಡಿಯಬಾರದೆಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೀರಿಗಿಳಿಸುತ್ತಿದ್ದರು. ಈಜುವವರು ಧುಮುಕಿದೊಡನೆ ಮೆಟ್ಟಿಲ ಮೇಲೆ ಕೂತ ನಾನು ಷಟ್ಪದಿ ಎತ್ತಿಕೊಳ್ಳಬೇಕು. ಅವರು ಆಚೆ ದಡ ಮುಟ್ಟಿ ಬಂದು ಗೋಡೆಗೆ ಕೈ ಬಡಿದೊಡನೆ ನಿಲ್ಲಿಸಬೇಕು. ಯಾರಿಗೆ ಕಡಿಮೆ ಸಾಲು ಬಂತೋ ಅವರು ಮುಂದು. ದಿನವೂ ಎಲ್ಲರಿಗೂ ಅದೇ ದೇವರ ಸ್ತುತಿ. ಅಜ್ಜನ ಕಾವ್ಯವಾಚನ ಕೇಳುತ್ತಲೇ ಬೆಳೆದವಳು ನಾನು, ಮಾತು ಕಡಿಮೆ. ಹದಿಮೂರನೆಯ ವಯಸ್ಸಿನಲ್ಲಿ ಸಿಕ್ಕ ಆ ಕೆಲಸವನ್ನು ದೇವರ ಸೇವೆಯೆಂದೇ ನಂಬಿದ್ದೆ.

"ಏ ಗಡಿಯಾರಮ್ಮ, ಎಷ್ಟಾಯ್ತೇ?" ಎಂದು ನೀರಿನಿಂದ ತಲೆ ಎತ್ತುವಾಗಲೇ ಕೂಗುತ್ತಿದ್ದವಳು ಪುಟ್ಟತಾಯಿ, ದೋಣಿ ನಡೆಸುವ ಸಿದ್ದಪ್ಪನ ಮಗಳು.

"ಮೂರು ಪದ್ಯ."

"ಥೂ, ನಿನ್ನೆ ಉಂಡ ಮುದ್ದೆ ಇನ್ನೂ ಕರಗಿಲ್ಲ ನೋಡು!"

ಮುದ್ದೆ ಕರಗದಿದ್ದರೂ ಅವಳಿಗೆ ಸಮನಾದವರು ಸಂಘದಲ್ಲಿರಲಿಲ್ಲ. ಎರಡನೆಯವನು ಸುಮುಖ, ಸಂಘದ ಅಧ್ಯಕ್ಷ ವಾಮನರಾಯರ ಮೊಮ್ಮಗ. ಯಾವತ್ತೂ ಅವಳಿಗಿಂತ ಎರಡು ಸಾಲು ಹಿಂದೆ.

ಆ ವರ್ಷ ದೊಡ್ಡ ಊರಿನ ಈಜುಶಾಲೆಗೆ ನಮ್ಮ ಸಂಘದಿಂದ ಒಬ್ಬರನ್ನು ಕಳಿಸಬಹುದೆಂದು ಕಾಗದ ಬಂತು. ಊಟ, ವಸತಿ, ಓದು ಎಲ್ಲ ಅಲ್ಲೇ. ಆ ಜಾಗ ಸಿಕ್ಕದಿದ್ದರೆ ಪುಟ್ಟತಾಯಿಯನ್ನು ಸೋದರಮಾವನಿಗೆ ಕೊಡುವುದೆಂದು ಅವಳ ಮನೆಯಲ್ಲಿ ನಿಶ್ಚಯವಾಗಿತ್ತು.

ಆಯ್ಕೆಯ ದಿನ ಮೆಟ್ಟಿಲ ತುಂಬ ಜನ. ಈಜು ಕಲಿಸುವ ಹಿರಿಯಣ್ಣ ಮೇಷ್ಟ್ರು ನನ್ನ ಬಳಿ ಬಂದು ಬಗ್ಗಿದರು. "ಮಗೂ, ದೊಡ್ಡವರೆಲ್ಲ ಬಂದಿದ್ದಾರೆ. ಅದೇ ಸ್ತುತಿ ಓದಿದ್ರೆ ಬೇಜಾರಾಗುತ್ತೆ. ಸುಮುಖನಿಗೆ ಮಗನ್ನ ಕಳಕೊಂಡ ತಾಯಿ ಅಳೋ ಭಾಗ ಓದು. ಪುಟ್ಟತಾಯಿಗೆ ಯುದ್ಧದ್ದು."

ಓದಿದೆ. ತಾಯಿ ಅಳುವಲ್ಲಿ ಒಂದೊಂದು ಸಾಲನ್ನೂ ಎಳೆದೆಳೆದು ಹೇಳಿದೆ. ಅಧ್ಯಕ್ಷರು ಕಣ್ಣೊರೆಸಿಕೊಂಡು "ಆಹಾ, ಸರಸ್ವತಿ!" ಎಂದರು. ನಾನು ಉಬ್ಬಿಹೋದೆ. ಗೋಡೆಯ ಮೇಲೆ ಸುಮುಖನ ಅಂಗೈ ಬಿದ್ದಾಗ ಮೂರನೆಯ ಪದ್ಯಕ್ಕೆ ಇನ್ನೂ ಒಂದು ಸಾಲು ಬಾಕಿಯಿತ್ತು. ಪುಟ್ಟತಾಯಿಯ ಅಂಗೈ ಬಿದ್ದಾಗ ಮೂರು ಪದ್ಯ ಮುಗಿದು ಮೇಲೆ ಎರಡು ಸಾಲು.

ಅವಳು ತಮಾಷೆ ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂತು ಮೊಣಕಾಲನ್ನು ಒತ್ತಿ ಒತ್ತಿ ನೋಡಿಕೊಂಡಳು. "ನನ್ನ ಕಾಲಿಗೇನೋ ಆಗಿದೆ ಕಣೇ," ಎಂದಳು.

ಸಂಜೆ ಅಜ್ಜನ ಮುಂದೆ ನನ್ನ ಹೆಮ್ಮೆಯನ್ನೆಲ್ಲ ಹೇಳಿಕೊಂಡೆ.

"ಅಳೋ ಪದ್ಯ ಕೂತು ಕೂತು ಹೋಗುತ್ತೆ, ಕೂಸೇ," ಎಂದ ಅಜ್ಜ. " ಯುದ್ಧದ ಪದ್ಯ ಓಡುತ್ತೆ. ಇಬ್ಬರಿಗೂ ಒಂದೇ ಅಳತೆ ಹೇಗಾಯ್ತು?"

ಎರಡೂ ಭಾಗಗಳನ್ನು ಮನಸ್ಸಿನಲ್ಲೇ ಮತ್ತೆ ಓದಿ ನೋಡಿದೆ. ನಾನು ತಾಯಿಯ ದುಃಖವನ್ನು ಎಳೆದಷ್ಟೂ ಸುಮುಖನಿಗೆ ಸಾಲು ಉಳಿದಿತ್ತು.

ಬೆಳಗಾಗುತ್ತಲೇ ಕೊಳಕ್ಕೆ ಓಡಿದೆ. ಎಲ್ಲರ ಎದುರು ಮೇಷ್ಟ್ರನ್ನು ನಿಲ್ಲಿಸಿ, ಹುಟ್ಟಿದ ಮೇಲೆ ಮೊದಲ ಸಲ ದನಿ ಏರಿಸಿದೆ. "ಬೇಕಂತಲೇ ಮಾಡಿದ್ರಿ!"

"ಏನು ಮಾಡ್ದೆ? ಓದು ಅಂದೆ. ಎಳೆದು ಓದು ಅಂದಿದ್ನಾ? ಎಳೆದವಳು ನೀನು."

"ಹಾಗಾದ್ರೆ ಇಬ್ಬರನ್ನೂ ಈಗಲೇ ಒಟ್ಟಿಗೆ ಇಳಿಸಿ. ಪದ್ಯವೇ ಬೇಡ."

"ಸಂಘದ ಪದ್ಧತಿ ಹಾಗಿಲ್ಲ. ಸುಮುಖನ ಹೆಸರಿನ ಕಾಗದ ನಿನ್ನೆಯೇ ಹೋಯ್ತು." ತಣ್ಣಗೆ ಹೇಳಿ, ಹೆಗಲ ಟವೆಲು ಸರಿಮಾಡಿಕೊಂಡು ಹೊರಟುಹೋದರು. ಸುಮುಖ ನೀರನ್ನೇ ನೋಡುತ್ತ ನಿಂತಿದ್ದ. ಒಂದು ಮಾತು, "ಇಳೀತೀನಿ" ಎಂಬ ಒಂದೇ ಮಾತು ಅವನ ಬಾಯಿಂದ ಬರಲಿಲ್ಲ.

ಪುಟ್ಟತಾಯಿ ನನ್ನ ತೋಳು ಹಿಡಿದಳು. ನನ್ನನ್ನು ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅಂದ್ರೆ, ನನ್ನ ಕಾಲಿಗೆ ಏನೂ ಆಗಿಲ್ವಾ?" ಎಂದು ಕೇಳಿದಳು.

ಆ ವೈಶಾಖದಲ್ಲಿ ಅವಳ ಮದುವೆಯಾಯಿತು. ಸುಮುಖ ಈಜಿನ ಹೆಸರಲ್ಲೇ ದೊಡ್ಡ ಹುದ್ದೆ ಹಿಡಿದ. ಕ್ಷಮೆಯೇ ದೊಡ್ಡ ಧರ್ಮವೆಂದು ಸಾರುವ ಪದ್ಯಗಳು ನನಗೆ ನೂರಾರು ಬಾಯಿಗೆ ಬರುತ್ತವೆ. ಮೇಷ್ಟ್ರನ್ನಾಗಲಿ ಸುಮುಖನನ್ನಾಗಲಿ ಕ್ಷಮಿಸಲು ಒಂದೂ ಉಪಯೋಗಕ್ಕೆ ಬರಲಿಲ್ಲ. ಕಣ್ಣೊರೆಸಿಕೊಂಡ ಆ ಮುದುಕರ ಮೇಲೆ, ಆ ಹೊಗಳಿಕೆಗೆ ಉಬ್ಬಿದ ನನ್ನ ಮೇಲೆ, ಇಂದಿಗೂ ಸಿಟ್ಟು ಆರಿಲ್ಲ. ಆರಲಿ ಎಂದು ದೇವರನ್ನು ನಾನು ಬೇಡುವುದೂ ಇಲ್ಲ.

ಮೇಷ್ಟ್ರು ತೀರಿಹೋದ ಮೇಲೆ ಸಂಘ ಮುಚ್ಚಿತು. ಬಹಳ ವರ್ಷಗಳ ತರುವಾಯ ಕೊಳದ ಕಡೆ ಹೋದಾಗ ಗದ್ದಲ ಕೇಳಿಸಿತು. ತಲೆ ಅರ್ಧ ನರೆತ ಪುಟ್ಟತಾಯಿ ಸೀರೆಯನ್ನು ಎತ್ತಿ ಕಟ್ಟಿ ನಿಂತಿದ್ದಳು. ಎದುರಿಗೆ ಹನ್ನೊಂದು ಮಕ್ಕಳು, ಕಲ್ಲಿನ ಅಂಚಿನುದ್ದಕ್ಕೂ.

"ಅಕ್ಕಾ, ಒಬ್ಬೊಬ್ರೇ ಹೋಗ್ಲಾ?" ಎಂದ ಒಬ್ಬ ಸಣ್ಣವನು.

"ಒಬ್ಬೊಬ್ರೇ ಅಂದ್ರೆ ಕಾಲು ಮುರೀತೀನಿ! ಎಲ್ರೂ ಒಟ್ಟಿಗೇ ಬೀಳ್ರೋ. ಯಾರು ಮುಂದೆ ಅಂತ ನಿಮ್ಮ ಕಣ್ಣಿಗೇ ಕಾಣ್ತದೆ, ಯಾರನ್ನೂ ಕೇಳ್ಬೇಡಿ."

ಹನ್ನೊಂದು ಮೈಗಳು ಒಮ್ಮೆಗೇ ಬಿದ್ದವು. ಕೊಳ ಉಕ್ಕಿ ಮೆಟ್ಟಿಲು ಹತ್ತಿ ಬಂದು ನನ್ನನ್ನು ಮೊಣಕಾಲವರೆಗೆ ತೋಯಿಸಿತು. ನಾನು ಹಿಂದೆ ಸರಿಯಲಿಲ್ಲ.