ಮೇವಿಸ್ ಎಂಬ ವಿದ್ಯಾರ್ಥಿನಿ

ಚರ್ಚಿನ ಮೂರನೇ ಮೆಟ್ಟಿಲಲ್ಲಿ ಡೆನಾ ಕೋಸ್ಕಿಯ ಬೂಟು ಜಾರಿತು. ಮಂಜುಗಡ್ಡೆಯ ಮೇಲೆ ಮರಳು ಚೆಲ್ಲಿದ್ದರೂ ಸಾಲದಾಗಿತ್ತು. ಶವಪೆಟ್ಟಿಗೆ ಒಂದು ಕ್ಷಣ ಅವಳ ಕಡೆಗೆ ವಾಲಿತು.

"ನಿಧಾನ," ಎಂದರು ಎದುರಿನ ಹಿಡಿಕೆ ಹಿಡಿದಿದ್ದ ಗ್ಲೆನ್ ರಾಂಬರ್ಗ್. ಜಿಲ್ಲೆಯ ಶಾಲೆಗಳೆಲ್ಲ ಅವರ ಕೈಕೆಳಗೆ. "ಆರ್ಲಿಸ್‌ಗೆ ಈಗ ಯಾವ ಅವಸರಾನೂ ಇಲ್ಲ."

ಹೊತ್ತವರು ಆರು ಜನ, ಎಲ್ಲರೂ ಶಾಲೆಯವರು. ಇಬ್ಬರು ಮೆಲ್ಲಗೆ ನಕ್ಕರು. ಡೆನಾಳ ಅಂಗೈ ಕೈಗವಸಿನೊಳಗೆ ಬೆವೆತಿತ್ತು. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ.

ನೆಲ ಹೆಪ್ಪುಗಟ್ಟಿದ್ದರಿಂದ ಮಣ್ಣು ಮಾಡುವುದು ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಪೆಟ್ಟಿಗೆ ಸ್ಮಶಾನದ ಕಲ್ಲುಕೋಣೆಯಲ್ಲಿರುತ್ತದೆ. ಉತ್ತರ ಮಿನ್ನೆಸೋಟದಲ್ಲಿ ಜನವರಿಯಲ್ಲಿ ಸತ್ತವರು ಹೀಗೆ ಕಾಯಬೇಕು.

ಆರ್ಲಿಸ್ ಟ್ವೈಟ್ ಮೂವತ್ತೆಂಟು ವರ್ಷ ನಾಲ್ಕನೇ ತರಗತಿಗೆ ಕಲಿಸಿದವರು. ಕೊನೆಯ ಹನ್ನೊಂದು ವರ್ಷ, ಶಾಲೆಗಳಿಗೆ ಕಂಪ್ಯೂಟರ್ ಪಾಠಗಳನ್ನು ಆರಿಸುವ ಸಮಿತಿಯಲ್ಲಿದ್ದರು. ಯಾವ ಪಾಠವೇ ಆಗಲಿ, ತರಗತಿಗೆ ಬರಬೇಕಾದರೆ ಪರಿಶೀಲನಾ ಪತ್ರದಲ್ಲಿ ಇಬ್ಬರು ಶಿಕ್ಷಕರ ಸಹಿ ಇರಬೇಕು. ಈ ಶಾಲಾವರ್ಷ ಬಂದ ಓದಿನ ಪಾಠದ ಪತ್ರದಲ್ಲಿ ಡೆನಾಳ ಸಹಿಯಿತ್ತು, ಆರ್ಲಿಸ್ ಅವರದೂ ಇತ್ತು. ಎರಡನ್ನೂ ಬರೆದವಳು ಡೆನಾ.

*

"ಟೀಚರ್‌ಗಳಿಗೆ ತಪ್ಪು ಉತ್ತರ ಕೊಡೋಕೆ ಕೈನೇ ಬರಲ್ಲ ಕಣೇ," ಎಂದಿದ್ದರು ಆರ್ಲಿಸ್, ಡೆನಾ ಸಮಿತಿಗೆ ಸೇರಿದ ಮೊದಲ ದಿನ. "ಸರಿ ಉತ್ತರಕ್ಕೆ ಎಲ್ಲಾ ಕಂಪನಿಯವರೂ ಶಾಬಾಸ್ ಅಂತಾರೆ. ತಪ್ಪು ಹೇಳೋ ಮಗೂನ ಏನು ಮಾಡ್ತಾರೆ, ಅದನ್ನ ನೋಡು."

ಅದಕ್ಕಾಗಿ ಅವರು ಒಬ್ಬ ಹುಡುಗಿಯನ್ನು ಸೃಷ್ಟಿಸಿಕೊಂಡಿದ್ದರು: ಮೇವಿಸ್, ಒಂಬತ್ತು ವರ್ಷ, ಓದು ಕಷ್ಟ, ಊಟವಾದ ಮೇಲೆ ತೂಕಡಿಕೆ. ಪ್ರತಿ ಹೊಸ ಪಾಠಕ್ಕೂ ಮೇವಿಸ್ ಹೆಸರಿನಲ್ಲಿ ಮೂರು ದಿನ ಕುಳಿತು ತಪ್ಪು ಮಾಡುತ್ತಿದ್ದರು. ತಪ್ಪಾದಾಗ ಕಪ್ಪೆಯೊಂದು ನಗುತ್ತಿದ್ದ ಪಾಠವನ್ನು ಇಪ್ಪತ್ತೇ ನಿಮಿಷದಲ್ಲಿ ತಿರಸ್ಕರಿಸಿದ್ದರು.

ಕಳೆದ ಮೇ ತಿಂಗಳಲ್ಲಿ, ಹೊಸ ಓದಿನ ಪಾಠದ ಪರೀಕ್ಷೆಯನ್ನು ಡೆನಾಗೆ ಬಿಟ್ಟಿದ್ದ ಆರ್ಲಿಸ್ ಆಸ್ಪತ್ರೆಯಿಂದ ಫೋನ್ ಮಾಡಿದರು. "ಮೇವಿಸ್ ಏನಂದ್ಳು?"

"ಇಷ್ಟಪಟ್ಟಳು," ಎಂದಳು ಡೆನಾ.

"ಮೂರು ದಿನ ಕೂತ್ಯಾ?"

"ಕೂತೆ."

"ಹಾಗಾದ್ರೆ ನನ್ನ ಸಹಿನೂ ನೀನೇ ಹಾಕ್ಬಿಡು. ನಂಗೆ ಪೆನ್ನು ಹಿಡಿಯೋಕಾಗ್ತಿಲ್ಲ."

ಡೆನಾ ಕುಳಿತಿದ್ದು ಐವತ್ತು ನಿಮಿಷ. ಬೆರಳು ತಾನಾಗಿ ಸರಿ ಉತ್ತರಗಳ ಮೇಲೇ ಹೋಗಿತ್ತು. ಪಾಠ ಬಹಳ ಚೆನ್ನಾಗಿದೆ ಅನ್ನಿಸಿತ್ತು.

*

ಆರ್ಲಿಸ್ ತೀರಿಕೊಂಡ ದಿನವೇ ಡೆನಾ ತನ್ನ ತರಗತಿಯ ಬ್ರಿನ್ ಎಂಬ ಹುಡುಗಿಯ ಪಕ್ಕ ಕುಳಿತಿದ್ದಳು. ಸೆಪ್ಟೆಂಬರಿನಲ್ಲಿ ಸಣ್ಣ ಕತೆ ಓದುತ್ತಿದ್ದ ಮಗು ಈಗ ಪಾಠದಲ್ಲಿ ಬರೀ ಬಿಡಿ ಅಕ್ಷರ ಗುರುತಿಸುತ್ತಿತ್ತು. ಟೀಚರ್ ಪರದೆಯಲ್ಲಿ ಮಾತ್ರ ಬ್ರಿನ್ ಹೆಸರಿನ ಮುಂದೆ ನಾಲ್ಕು ತಿಂಗಳಿಂದ, ಚೆನ್ನಾಗಿ ಕಲಿಯುತ್ತಿದ್ದಾಳೆ ಎಂಬ ಹಸಿರು ಗುರುತು. ಡೆನಾ ಆ ಹಸಿರನ್ನು ನಂಬಿ ಬೇರೇನನ್ನೂ ನೋಡಿರಲಿಲ್ಲ.

ಅಂದು ಸಂಜೆ ಅವಳು ಮನೆಯಲ್ಲಿ ಮೇವಿಸ್ ಆದಳು. ಮೂರು ತಪ್ಪಿಗೆ ಪಾಠ ಒಂದು ಮೆಟ್ಟಿಲು ಕೆಳಗಿಳಿಯಿತು. ಮತ್ತೆ ಮೂರಕ್ಕೆ ಇನ್ನೊಂದು. ಆಮೇಲೆ ಎಷ್ಟು ಸರಿ ಹೇಳಿದರೂ ಮೇಲೆ ಹತ್ತಲಿಲ್ಲ. ತಳದಲ್ಲಿ ಅಕ್ಷರಕ್ಕೊಂದು ನಕ್ಷತ್ರ ಕೊಟ್ಟಿತು, ನಕ್ಷತ್ರಗಳನ್ನು ಲೆಕ್ಕ ಹಾಕಿ ಟೀಚರ್‌ಗೆ ಹಸಿರು ತೋರಿಸಿತು.

ಈ ಪಾಠ ಕಲಿಯುತ್ತಿದ್ದುದು ಎರಡು ಶಾಲೆ, ಇನ್ನೂರ ಹನ್ನೆರಡು ಮಕ್ಕಳು. ಡೆನಾಳ ಕೆಲಸ ಕಾಯಂ ಆಗುವುದೋ ಇಲ್ಲವೋ ಈ ವಸಂತದಲ್ಲೇ ತೀರ್ಮಾನ. ನಾಲ್ಕು ದಿನಗಳಿಂದ ಅವಳು ಯಾರಿಗೂ ಹೇಳಿರಲಿಲ್ಲ.

*

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಹಂದಿಮಾಂಸದ ಸ್ಯಾಂಡ್‌ವಿಚ್. ಆರ್ಲಿಸ್ ಅವರ ತಂಗಿ ಐಲಾ ಡೆನಾಳ ಮೊಣಕೈ ಹಿಡಿದು ನಿಲ್ಲಿಸಿದರು.

"ಈ ಮೇವಿಸ್ ಯಾರಮ್ಮಾ? ಕೊನೇ ವಾರ ಪೂರ್ತಿ ಅಕ್ಕ ಅವಳನ್ನೇ ಕೇಳ್ತಿದ್ಳು. ಮೇವಿಸ್ ಹೇಗಿದ್ದಾಳೆ, ಮೇವಿಸ್ ಹೇಗಿದ್ದಾಳೆ ಅಂತ. ಯಾರೋ ಹಳೇ ಸ್ಟೂಡೆಂಟ್ ಇರ್ಬೇಕು. ಇವತ್ತು ಬಂದಿದ್ದಾಳಾ?"

ಡೆನಾ ಕಾಫಿ ಕಪ್ಪನ್ನು ಮೇಜಿನ ಮೇಲಿಟ್ಟಳು. ಹುಡುಕ್ತೀನಿ ಎಂದಳು.

ಅಷ್ಟರಲ್ಲಿ ರಾಂಬರ್ಗ್ ಎದ್ದು ನಿಂತು ಚಮಚದಿಂದ ಲೋಟ ತಟ್ಟಿದರು. ಆರ್ಲಿಸ್ ಕೊನೆಯದಾಗಿ ಆರಿಸಿದ ಓದಿನ ಪಾಠವನ್ನು ಅವರ ನೆನಪಿಗಾಗಿ ಉಳಿದ ಮೂರು ಶಾಲೆಗಳಿಗೂ ಕೊಡುತ್ತೇವೆ, ಸೋಮವಾರದಿಂದಲೇ ಎಂದರು. ಜನ ಚಪ್ಪಾಳೆ ತಟ್ಟಿದರು. ಐಲಾ ಕಣ್ಣೊರೆಸಿಕೊಂಡರು.

ಡೆನಾ ಕೋಟು ಹಾಕಿಕೊಳ್ಳದೆ ಕಾರಿಗೆ ಹೋದಳು. ಸೀಟಿನಲ್ಲಿ ಕುಳಿತು ಕೀಲಿಯನ್ನು ಒಮ್ಮೆ ತಿರುಗಿಸಿದಳು, ಎಂಜಿನ್ ಸದ್ದು ಕೇಳಿದಳು, ಆರಿಸಿದಳು. ಶಾಲೆಯ ಕಂಪ್ಯೂಟರನ್ನು ಎದೆಗವಚಿಕೊಂಡು ವಾಪಸು ಬಂದು ರಾಂಬರ್ಗ್ ಅವರ ತಟ್ಟೆಯ ಪಕ್ಕ ಇಟ್ಟಳು.

"ತಪ್ಪು ಉತ್ತರ ಕೊಡಿ, ಗ್ಲೆನ್."

"ಈಗ್ಲೇನಾ?"

"ಈಗಲೇ. ಆ ಪತ್ರದಲ್ಲಿರೋ ಎರಡು ಸಹಿನೂ ನನ್ನ ಕೈಯವು. ಆರ್ಲಿಸ್ ಇದನ್ನ ನೋಡೇ ಇಲ್ಲ. ಮೂರು ದಿನ ಕೂತು ನೋಡಿದೀನಿ ಅಂತ ನಾನು ಅವರಿಗೆ ಸುಳ್ಳು ಹೇಳಿದೆ."

ರಾಂಬರ್ಗ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಕನ್ನಡಕ ಹಾಕಿಕೊಂಡು ಮೊದಲ ಉತ್ತರ ಒತ್ತಿದರು. ಸರಿ ಉತ್ತರ.

"ತಪ್ಪು ಕೊಡಿ," ಎಂದಳು ಡೆನಾ. ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

ಅವರು ತಪ್ಪು ಕೊಡತೊಡಗಿದರು. ಪಕ್ಕದ ಮೇಜುಗಳವರು ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಕಾಫಿಯ ಮೇಲೆ ಕೆನೆ ಕಟ್ಟುವ ಹೊತ್ತಿಗೆ ಪರದೆಯಲ್ಲಿ ಒಂದೇ ಒಂದು ದೊಡ್ಡ ಅಕ್ಷರವಿತ್ತು. ಅವರು ಅದನ್ನು ಸರಿಯಾಗಿ ಒತ್ತಿದರು. ನಕ್ಷತ್ರ ಬಂತು. ಮತ್ತೆ ಅದೇ ಅಕ್ಷರ. ಮತ್ತೆ ನಕ್ಷತ್ರ. ಅವರು ಒತ್ತುತ್ತಲೇ ಇದ್ದರು.

ಐಲಾ ಹಿಂದಿನಿಂದ ಬಗ್ಗಿ, ಪರದೆಯ ಮೂಲೆಯಲ್ಲಿದ್ದ ಮೇವಿಸ್ ಎಂಬ ಹೆಸರನ್ನು ಓದಿದರು.

"ಓ, ಇವಳೇನಾ," ಎಂದು ಕುರ್ಚಿ ಎಳೆದುಕೊಂಡು ಅದರ ಪಕ್ಕ ಕುಳಿತರು.